ಒಬ್ಬನೇ ಕೂಗಿದರೆ ಅಪರಾಧವಲ್ಲ!

(ಯುವಕರ ಕ್ರೀಡಾ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಕಾನೂನಿನ ಒಂದು ವಿಚಿತ್ರದಿಂದ ಮಾತು ಆರಂಭಿಸುತ್ತೇನೆ. ಇಂಗ್ಲೆಂಡಿನ ಫುಟ್‌ಬಾಲ್ ಮೈದಾನಗಳಲ್ಲಿ ಕರಿಯ ಆಟಗಾರರನ್ನು ಕಂಡರೆ ಕೋತಿಯಂತೆ ಕೂಗುವುದು, ಬಾಳೆಹಣ್ಣು ಎಸೆಯುವುದು ವರ್ಷಗಟ್ಟಲೆ ನಡೆದಿತ್ತು. ಕೊನೆಗೂ 1991ರಲ್ಲಿ ಅಲ್ಲಿನ ಸಂಸತ್ತು ಜನಾಂಗೀಯ ನಿಂದನೆಯ ಕೂಗನ್ನು ಅಪರಾಧವೆಂದು ಸಾರಿತು. ಆದರೆ ಕೂಗು ಎಂದರೇನು? ಕನಿಷ್ಠ ಇಬ್ಬರು ಸೇರಿ ಪದೇ ಪದೇ ಅಂದರೆ ಮಾತ್ರ ಅದು ಕೂಗು. ಒಬ್ಬನೇ ನಿಂತು ತೊಂಬತ್ತು ನಿಮಿಷವೂ ಬೈದರೆ ಈ ಕಾಯ್ದೆಯಲ್ಲಿ ಅಪರಾಧವಲ್ಲ! ಆ ತೂತು ಮುಚ್ಚಿದ್ದು 1999ರಲ್ಲಿ.

ಅಷ್ಟೇ ಅಲ್ಲ. ಈ ಕಾಯ್ದೆ ಅಧಿಕೃತವಾಗಿ ಗೊತ್ತುಪಡಿಸಿದ ದೊಡ್ಡ ಪಂದ್ಯಗಳಿಗಷ್ಟೇ ಅನ್ವಯಿಸುತ್ತದೆ. ಭಾನುವಾರ ಬೆಳಿಗ್ಗೆ ಬಡಾವಣೆಯ ಪಾರ್ಕಿನಲ್ಲಿ ಹುಡುಗರು ಆಡುವ ಆಟಕ್ಕಲ್ಲ. ಬೇರೆ ಕಾನೂನುಗಳಿವೆ, ನಿಜ. ಆದರೆ ಅಲ್ಲಿ ಪೊಲೀಸರೆಲ್ಲಿರುತ್ತಾರೆ? ನಾನು ಇಂದು ಹೇಳಬೇಕೆಂದಿರುವುದು ಆ ಪಾರ್ಕಿನ ಹುಡುಗನ ವಿಷಯ.

ದೊಡ್ಡ ಆಟಗಾರರ ಕಥೆ ಜಗತ್ತಿಗೆ ತಿಳಿಯುತ್ತದೆ. 1988ರಲ್ಲಿ ಲಿವರ್‌ಪೂಲ್ ತಂಡದ ಜಾನ್ ಬಾರ್ನ್ಸ್ ಮೈದಾನಕ್ಕೆ ಬಿದ್ದ ಬಾಳೆಹಣ್ಣನ್ನು ಹಿಮ್ಮಡಿಯಿಂದ ಒದ್ದು ಗೆರೆಯಾಚೆ ಕಳಿಸಿದ ಛಾಯಾಚಿತ್ರ ಈಗಲೂ ಪ್ರಸಿದ್ಧ. 1978ರಲ್ಲಿ ಇಂಗ್ಲೆಂಡಿನ ಹಿರಿಯರ ತಂಡದಲ್ಲಿ ಆಡಿದ ಮೊದಲ ಕರಿಯ ಆಟಗಾರ ವಿವ್ ಆಂಡರ್ಸನ್. ಅದಕ್ಕೂ ಮುಂಚೆ, ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದಾಗ ಕಾರ್ಲೈಲ್ ಎಂಬ ಊರಿನಲ್ಲಿ ನಡೆದದ್ದನ್ನು ಅವರು ಹೇಳಿಕೊಂಡಿದ್ದಾರೆ. ಗೆರೆಯ ಪಕ್ಕ ಓಡಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದಾಗ ಪ್ರೇಕ್ಷಕರು ಹಣ್ಣುಗಳನ್ನು ತೂರಿದರು. ಹುಡುಗ ಬಂದು ಬೆಂಚಿನ ಮೇಲೆ ಕುಳಿತ. ಮ್ಯಾನೇಜರ್ ಬ್ರಯಾನ್ ಕ್ಲಫ್ ಅವನನ್ನು ಮತ್ತೆ ಅಲ್ಲಿಗೇ ಅಟ್ಟಿದರು. ಬರುವಾಗ ತಮಗೆ ಎರಡು ಪೇರ್ ಹಣ್ಣು, ಒಂದು ಬಾಳೆಹಣ್ಣು ತರುವಂತೆಯೂ ಹೇಳಿದರಂತೆ!

ಆ ಒರಟು ಪಾಠ ಆಂಡರ್ಸನ್‌ರನ್ನು ಗಟ್ಟಿ ಮಾಡಿತು. ಇರಬಹುದು. ಆದರೆ ಗಮನಿಸಿ, ಬದಲಾಗಬೇಕಾದವನು ಹಣ್ಣು ಎಸೆದವನಲ್ಲ, ಏಟು ತಿಂದ ಹುಡುಗ. ಅವನಷ್ಟು ಗಟ್ಟಿಯಲ್ಲದ ಎಷ್ಟು ಮಂದಿ ಬೂಟು ಕಳಚಿಟ್ಟು ಮನೆ ಸೇರಿದರೋ, ಲೆಕ್ಕವಿಟ್ಟವರಿಲ್ಲ.

(ನಾನು ‘ಕರಿಯ’ ಎಂದೆ. ನಮ್ಮಲ್ಲಿ ಕರಿಯಪ್ಪ, ಕರಿಯಮ್ಮ ಎಂದು ಭಕ್ತಿಯಿಂದ ಹೆಸರಿಡುತ್ತೇವೆ. ಪದದಲ್ಲಿ ವಿಷವಿಲ್ಲ, ಅದೇ ಪದವನ್ನು ಬೀದಿಯಲ್ಲಿ ನಾವು ಯಾವ ದನಿಯಲ್ಲಿ ಕೂಗುತ್ತೇವೆಂಬುದು ನಿಮಗೂ ಗೊತ್ತು.)

ನಮ್ಮ ಉಪಖಂಡದಿಂದ ಹೋದವರ ಮಕ್ಕಳ ಪಾಡು ಇನ್ನೊಂದು ಬಗೆ. ಕುಟುಂಬ ಎಲ್ಲಿಯದೇ ಆಗಿರಲಿ, ಬೈಯುವವನಿಗೆ ಅವನು ‘ಪಾಕಿ’. ಏಷ್ಯನ್ನರಿಗೆ ಮೈಕಟ್ಟು ಸಾಲದು, ತಂದೆತಾಯಿಗೆ ಓದೇ ಮುಖ್ಯ ಎಂಬ ಸಬೂಬುಗಳು ಕ್ಲಬ್ಬುಗಳಲ್ಲಿ ಸಿದ್ಧವಾಗಿದ್ದವು. 1996ರಲ್ಲಿ ಈ ಬಗ್ಗೆ ಪ್ರಕಟವಾದ ವರದಿಯೊಂದರ ಹೆಸರೇ ‘ಏಷ್ಯನ್ನರಿಗೆ ಫುಟ್‌ಬಾಲ್ ಬಾರದು’ ಎಂದಿತ್ತು, ವ್ಯಂಗ್ಯವಾಗಿ! ವಾಸ್ತವದಲ್ಲಿ ಈ ಹುಡುಗರು ಸ್ಥಳೀಯ ಲೀಗುಗಳಲ್ಲಿ ಧಾರಾಳವಾಗಿ ಆಡುತ್ತಿದ್ದರು. ಅದೇ ವರ್ಷ ಪೂರ್ವ ಲಂಡನ್ನಿನ ಬಂಗಾಳಿಗಳು ಸ್ಪೋರ್ಟಿಂಗ್ ಬೆಂಗಾಲ್ ಯುನೈಟೆಡ್ ಕಟ್ಟಿಕೊಂಡರು. ಸೇರಿಸಿಕೊಳ್ಳದಿದ್ದಾಗ ಸ್ವಂತ ತಂಡ ಕಟ್ಟಬೇಕು; ಕಟ್ಟಿದ ಮೇಲೆ ‘ಇವರು ಯಾರೊಡನೆಯೂ ಬೆರೆಯುವುದಿಲ್ಲ’ ಎಂಬ ಮಾತನ್ನೂ ಕೇಳಬೇಕು.

ಪಾರ್ಕಿನ ಪಂದ್ಯದಲ್ಲಿ ಕ್ಯಾಮರಾ ಇಲ್ಲ. ಗೆರೆಯ ಬಳಿ ಬಾವುಟ ಹಿಡಿದವರು ಯಾವುದೋ ಹುಡುಗನ ಅಪ್ಪ. ಅಲ್ಲಿ ಹದಿನಾಲ್ಕು ವರ್ಷಕ್ಕೇ ರೆಫರಿಯಾಗಬಹುದು. ಹಾಗಾಗಿ ಬೈಗುಳ ಕೇಳಿಸಿಕೊಂಡು ವರದಿ ಬರೆಯಬೇಕಾದವನೂ ಎಷ್ಟೋ ಸಲ ಒಬ್ಬ ಹುಡುಗನೇ. ದೂರು ಜಿಲ್ಲಾ ಸಂಸ್ಥೆಗೆ ಹೋಗುತ್ತದೆ. ‘ಅಂದ’, ‘ಅನ್ನಲಿಲ್ಲ’, ಸಾಕ್ಷಿ ಯಾರು? ಮುಂದಿನ ಸುತ್ತಿನಲ್ಲಿ ಅದೇ ತಂಡದ ಎದುರು ಮತ್ತೆ ಆಡಬೇಕು. ಆದ್ದರಿಂದ ಅವನಿಗೆ ಮೊದಲು ಬೇಕಾದದ್ದು ಕಾಯ್ದೆಗಿಂತ ಹೆಚ್ಚಾಗಿ ಜೊತೆಗೆ ನಿಲ್ಲುವ ಇನ್ನು ಹತ್ತು ಜನ.

ಅಂಥದ್ದೊಂದು 2019ರ ಅಕ್ಟೋಬರ್ 19ರಂದು ಉತ್ತರ ಲಂಡನ್ನಿನಲ್ಲಿ ನಡೆಯಿತು. ಹ್ಯಾರಿಂಗೇ ಬರೋ ಎಂಬುದು ಒಂದು ಬಡಾವಣೆಯ ಕ್ಲಬ್. ಎಫ್.ಎ. ಕಪ್‌ನ ಅರ್ಹತಾ ಪಂದ್ಯದಲ್ಲಿ ಅದರ ಎದುರಾಳಿ ತನಗಿಂತ ಮೇಲಿನ ದರ್ಜೆಯ ಯೋವಿಲ್ ಟೌನ್. ಗೆದ್ದರೆ ಪ್ರಧಾನ ಹಂತದ ಮೊದಲ ಸುತ್ತು. ಸಣ್ಣ ಕ್ಲಬ್ಬಿಗೆ ಅದು ಹಬ್ಬ. ದ್ವಿತೀಯಾರ್ಧದಲ್ಲಿ ಯೋವಿಲ್‌ಗೆ ಪೆನಾಲ್ಟಿ ಸಿಕ್ಕಿತು. ಆ ಹೊತ್ತಿನಲ್ಲಿ ಹ್ಯಾರಿಂಗೇಯ ಕರಿಯ ಗೋಲ್‌ಕೀಪರ್ ಮೇಲೆ ಪ್ರೇಕ್ಷಕರ ಕಡೆಯಿಂದ ಉಗುಳು, ಎಸೆದ ವಸ್ತುಗಳು ಬಿದ್ದವೆಂದೂ ಜನಾಂಗೀಯ ಬೈಗುಳ ಕೇಳಿಬಂತೆಂದೂ ಮ್ಯಾನೇಜರ್ ಟಾಮ್ ಲೊಯಿಜೊ ಹೇಳಿದರು. ಅವರು ಇಡೀ ತಂಡವನ್ನು ಹೊರಗೆ ಕರೆದರು. ಆಟ ಬಿಟ್ಟರೆ ಕಪ್ಪಿನಿಂದಲೇ ಹೊರಬೀಳುವ ಭಯವಿತ್ತು. ಆದರೂ ಎಲ್ಲರೂ ನಡೆದರು. ಯೋವಿಲ್ ಆಟಗಾರರೂ ಅವರ ಬೆಂಬಲಕ್ಕೆ ನಿಂತರು.

ಹತ್ತು ದಿನಗಳ ನಂತರ ಪಂದ್ಯವನ್ನು ಮೊದಲಿನಿಂದ ಆಡಿಸಲಾಯಿತು. ಹ್ಯಾರಿಂಗೇ 0-3ರಿಂದ ಸೋತಿತು.