ಬೀಗದ ಕೈ ಯಾರ ಹತ್ತಿರ?

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ಕೊಟ್ಟಿರುವ ವಿಷಯ 'ಗ್ರಾಮೀಣ ಕ್ರೀಡೆಗಳು ಮತ್ತು ಯುವಜನರು'. ಇದರ ಮೇಲೆ ಏನು ಹೇಳಬೇಕು ಎಂಬುದು ನಿಮಗೆಲ್ಲ ಮೊದಲೇ ಗೊತ್ತು. ಈಗಿನ ಹುಡುಗರು ಮೊಬೈಲ್ ಬಿಟ್ಟು ಏಳುವುದಿಲ್ಲ, ನಮ್ಮ ಕಾಲವೇ ಚೆನ್ನಾಗಿತ್ತು ಎನ್ನಬೇಕು. ಮೊಬೈಲಿಗೆ ಸಾಫ್ಟ್‌ವೇರ್ ಬರೆದು ಸಂಬಳ ಎಣಿಸುವ ನಾನು ಈ ಮಾತು ಹೇಳಿದರೆ ನೀವೇ ನಗುತ್ತೀರಿ. ಹಾಗಾಗಿ ನಮ್ಮೂರಿನ ಗರಡಿಮನೆಯ ಬಗ್ಗೆ ಮಾತ್ರ ಮಾತನಾಡುತ್ತೇನೆ. ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘ ಅದನ್ನು ರಿಪೇರಿ ಮಾಡಿಸಿ ಶಾಲೆಯ ಮಕ್ಕಳಿಗೆ ತೆರೆಯಬೇಕೆಂದು ತೀರ್ಮಾನ ಮಾಡಿದೆ. ಹೆಂಚಿಗೆ, ಗೋಡೆಗೆ, ಸುಣ್ಣಬಣ್ಣಕ್ಕೆ ದುಡ್ಡು ಸೇರುತ್ತಿದೆ. ದುಡ್ಡು ಸೇರಿದ ಮೇಲೆ ಏನು ಎನ್ನುವುದು ನನ್ನ ಪ್ರಶ್ನೆ. ಆ ಪ್ರಶ್ನೆ ನನ್ನ ತಲೆಗೆ ಬಂದದ್ದು ಇಲ್ಲಿ ಅಲ್ಲ, ಇಂಗ್ಲೆಂಡಿನಲ್ಲಿ. ಅದಕ್ಕೇ ಸ್ವಲ್ಪ ಸುತ್ತು ದಾರಿಯಲ್ಲಿ ಬರುತ್ತೇನೆ, ಸಹಿಸಿಕೊಳ್ಳಿ.

ಕಂಪನಿ ಕೆಲಸದ ಮೇಲೆ ಎರಡು ವರ್ಷ ಅಲ್ಲಿದ್ದೆ. ನಾನಿದ್ದ ಊರಿನ ಹೊರಗೆ ಒಂದು ಹುಲ್ಲು ಮೈದಾನ, ಅದರಲ್ಲಿ ಬಿಲ್ಲುಗಾರರ ಒಂದು ಕ್ಲಬ್. ಅವರದು ಟೀವಿಯಲ್ಲಿ ಕಾಣುವಂಥ ಬಿಲ್ಲಲ್ಲ. ಆಳುದ್ದದ ಮರದ ಬಿಲ್ಲು. ಗುರಿ ನೋಡಲು ಕಿಂಡಿಯಿಲ್ಲ, ಚಕ್ರವಿಲ್ಲ, ಕಣ್ಣು ಮತ್ತು ಕೈ ಎರಡೇ. ಅವರ ಹಳೆಯ ಪಂದ್ಯವೊಂದಿದೆ. ನೂರು ಗಜ ದೂರದಿಂದ 72 ಬಾಣ, ಎಂಬತ್ತು ಗಜದಿಂದ 48, ಅರವತ್ತು ಗಜದಿಂದ 24, ಒಟ್ಟು 144 ಬಾಣ. ಮೊದಲ ದಿನ ನಾನು ಹತ್ತು ಬಾಣ ಬಿಡುವುದರೊಳಗೆ ತೋಳು ಬಿದ್ದುಹೋಯಿತು.

ಆ ಬಿಲ್ಲು ಅವರಿಗೆ ದೊಡ್ಡ ಹೆಮ್ಮೆ. 1346ರಲ್ಲಿ ಕ್ರೆಸಿಯಲ್ಲಿ, 1415ರಲ್ಲಿ ಅಜಿನ್‌ಕೋರ್‌ನಲ್ಲಿ ಫ್ರೆಂಚರ ಕುದುರೆ ಸವಾರರನ್ನು ಸೋಲಿಸಿದ್ದು ಅದೇ ಬಿಲ್ಲು. ಆದರೆ ನನಗೆ ಮಜಾ ಅನ್ನಿಸಿದ್ದು ಇನ್ನೊಂದು ಸಂಗತಿ. 1363ರಲ್ಲಿ ಮೂರನೇ ಎಡ್ವರ್ಡ್ ದೊರೆ ಒಂದು ಆಜ್ಞೆ ಹೊರಡಿಸಿದ. ಮೈ ಗಟ್ಟಿಯಿರುವ ಗಂಡಸರೆಲ್ಲ ಹಬ್ಬದ ದಿನಗಳಲ್ಲಿ ಬಿಲ್ಲು ಅಭ್ಯಾಸ ಮಾಡಬೇಕು, ಕಾಲ್ಚೆಂಡು, ಕೋಳಿ ಅಂಕ ಮುಂತಾದ ಕೆಲಸಕ್ಕೆ ಬಾರದ ಆಟಗಳ ಹಿಂದೆ ಹೋಗಕೂಡದು ಎಂದು. ನೋಡಿ, ಆರೂವರೆ ಶತಮಾನದ ಹಿಂದೆಯೇ ಹುಡುಗರು ಕೆಟ್ಟುಹೋಗಿದ್ದರು! ಆಗ ಮೊಬೈಲ್ ಇರಲಿಲ್ಲ, ಚೆಂಡು ಇತ್ತು. ಆದ್ದರಿಂದ ಹುಡುಗರನ್ನು ಬೈಯುವ ವಿವರಣೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಇನ್ನೊಂದು ವಿವರಣೆ ಸ್ವಲ್ಪ ಗಟ್ಟಿಯಾದದ್ದು. ಹಳೆಯ ಆಟಕ್ಕೆ ಮೇಲೆ ಹತ್ತುವ ಏಣಿಯಿಲ್ಲ. 1972ರಿಂದ ಒಲಿಂಪಿಕ್ಸಿನಲ್ಲಿ ಬಿಲ್ಲುಗಾರಿಕೆ ಮತ್ತೆ ಇದೆ, ಆದರೆ ಅದು ಬೇರೆ ಬಿಲ್ಲು. ಆ ಮರದ ಬಿಲ್ಲಿಗೆ ಅಲ್ಲಿ ಜಾಗವಿಲ್ಲ. ಪದಕ ಬೇಕೆನ್ನುವ ಚುರುಕು ಹುಡುಗ ಆರು ತಿಂಗಳಲ್ಲಿ ಬಿಲ್ಲು ಬದಲಾಯಿಸುತ್ತಾನೆ. ನಮ್ಮ ಕುಸ್ತಿಯದೂ ಇದೇ ಕಥೆ. ನಮ್ಮದು ಮಣ್ಣು, ಒಲಿಂಪಿಕ್ಸಿನದು ಮ್ಯಾಟು. ಮಹಾರಾಷ್ಟ್ರದ ಕೆ.ಡಿ. ಜಾಧವ್ 1948ರಲ್ಲಿ ಲಂಡನ್ ಒಲಿಂಪಿಕ್ಸಿಗೆ ಹೋದಾಗ ಮ್ಯಾಟಿನ ಅಭ್ಯಾಸವೇ ಇರಲಿಲ್ಲ, ಆರನೆಯವರಾಗಿ ಬಂದರು. ಕಲಿತು, ನಾಲ್ಕು ವರ್ಷ ಬಿಟ್ಟು ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ಒಬ್ಬ ವ್ಯಕ್ತಿ ತಂದುಕೊಟ್ಟ ಮೊದಲ ಒಲಿಂಪಿಕ್ ಪದಕ ಅದು. ಅವರ ಪ್ರಯಾಣಕ್ಕೆ ಕೊಲ್ಲಾಪುರದ ರಾಜಾರಾಮ್ ಕಾಲೇಜಿನ ಪ್ರಾಂಶುಪಾಲರು ಸ್ವಂತ ಮನೆಯನ್ನು ಅಡವಿಟ್ಟು 7,000 ರೂಪಾಯಿ ಹೊಂದಿಸಿದ್ದರು. ಮೇಷ್ಟ್ರುಗಳು ಇಷ್ಟು ಜನ ಇರುವ ಸಭೆಯಲ್ಲಿ ಇದನ್ನು ಹೇಳದೆ ಇರಲಾರೆ.

ಸರಿ, ಪದಕವಿಲ್ಲ, ನೌಕರಿಯ ಕೋಟಾ ಇಲ್ಲ, ಅದಕ್ಕೇ ಯಾರೂ ಬರುವುದಿಲ್ಲ ಎನ್ನೋಣವೇ? ಆ ಕ್ಲಬ್ಬಿಗೆ ಜನ ಬರುತ್ತಿದ್ದರು! ಪ್ರತಿ ವರ್ಷ ಚಳಿಗಾಲ ಮುಗಿದ ಮೇಲೆ ಹೊಸಬರಿಗೆ ಆರು ವಾರದ ತರಬೇತಿ. ಹದಿನೈದು ಇಪ್ಪತ್ತು ಜನ ಹೆಸರು ಕೊಡುತ್ತಿದ್ದರು. 2012ರಲ್ಲಂತೂ ಲಂಡನ್ ಒಲಿಂಪಿಕ್ಸ್ ಒಂದು ಕಡೆ, ನಾಯಕಿ ಬಿಲ್ಲು ಹಿಡಿಯುವ 'ದಿ ಹಂಗರ್ ಗೇಮ್ಸ್' ಸಿನಿಮಾ ಇನ್ನೊಂದು ಕಡೆ, ಬಂದವರಿಗೆ ಕೊಡಲು ಬಿಲ್ಲೇ ಸಾಲದಾಗಿತ್ತಂತೆ. ಮೈಸೂರು ದಸರಾ ಕುಸ್ತಿಗೆ ಹೋದವರಿಗೆ ಗೊತ್ತು, ನೋಡುವವರಿಗೂ ನಮ್ಮಲ್ಲಿ ಬರವಿಲ್ಲ. ಬರವಿರುವುದು ಬೇರೆ ಕಡೆ.

ಆ ಬರ ಎಲ್ಲಿದೆ ಎಂದು ನಾನು ಕಂಡದ್ದು ಬೆಳಗ್ಗೆ ಬೇಗ ಹೋದ ದಿನಗಳಲ್ಲಿ. ಬಾಣ ಬಿಡುವುದು ಹತ್ತು ಗಂಟೆಗೆ. ಎಂಟೂವರೆಗೆ ನಾಲ್ಕು ಜನ ಬಂದಿರುತ್ತಿದ್ದರು, ನಾಲ್ವರಿಗೂ ಅರವತ್ತು ದಾಟಿತ್ತು. ಗುರಿಹಲಗೆಗಳೆಂದರೆ ಒಣಹುಲ್ಲನ್ನು ಹಗ್ಗದಂತೆ ಹೊಸೆದು ಸುತ್ತಿದ ದೊಡ್ಡ ದೊಡ್ಡ ಚಕ್ರಗಳು. ಒಂದನ್ನು ಎತ್ತಲು ಇಬ್ಬರು ಬೇಕು, ಮಳೆ ಕುಡಿದಿದ್ದರೆ ಮೂವರು. ಅವನ್ನು ಶೆಡ್ಡಿನಿಂದ ತಂದು, ಗಜ ಅಳೆದು ನಿಲ್ಲಿಸಿ, ಗುರಿ ತಪ್ಪಿದ ಬಾಣ ಬೀಳುವ ಹಿಂದಿನ ಬಯಲಿನಲ್ಲಿ ಯಾರೂ ನಾಯಿ ಕರೆದುಕೊಂಡು ಬಾರದಂತೆ ಹಗ್ಗ ಕಟ್ಟಬೇಕು. ಸಂಜೆ ಎಲ್ಲವನ್ನೂ ಮತ್ತೆ ಒಳಗೆ ಸೇರಿಸಬೇಕು. ಇದು ಕಣ್ಣಿಗೆ ಕಾಣುವ ಕೆಲಸ. ಕಾಣದ್ದು ಹುಲ್ಲು ಕತ್ತರಿಸುವವರ ಲೆಕ್ಕ, ವಿಮೆ, ಮೈದಾನದ ಬಾಡಿಗೆ, ಹೊಸಬರಿಗೆ ಕಲಿಸುವುದು. ಮಕ್ಕಳು ಬರುವ ಕಡೆ ಅವರ ಸುರಕ್ಷತೆಗೆಂದೇ ಒಬ್ಬರು ಹೆಸರು ಕೊಟ್ಟು ಜವಾಬ್ದಾರಿ ಹೊರಬೇಕೆಂಬ ನಿಯಮ ಬೇರೆ. ಎಲ್ಲವೂ ಬಿಟ್ಟಿ ಕೆಲಸ.

ಆ ನಾಲ್ವರು ಇದನ್ನೆಲ್ಲ ಎಷ್ಟು ಸೊಗಸಾಗಿ, ಎಷ್ಟು ಸದ್ದಿಲ್ಲದೆ ಮಾಡುತ್ತಿದ್ದರೆಂದರೆ ಹತ್ತು ಗಂಟೆಗೆ ಬರುವ ಹೊಸಬನಿಗೆ ಅಲ್ಲೊಂದು ಕೆಲಸವಿದೆ ಎಂಬುದೇ ಗೊತ್ತಾಗುತ್ತಿರಲಿಲ್ಲ. ಫೀಸು ಕೊಟ್ಟಿದ್ದೇನೆ, ಗುರಿ ನಿಂತಿದೆ, ಬಾಣ ಬಿಡುತ್ತೇನೆ, ಅಷ್ಟೇ. ಮೂರು ವರ್ಷ ಹೀಗೆ ನಡೆದು ಒಂದು ದಿನ ಕಾರ್ಯದರ್ಶಿಗೆ ಮಂಡಿ ನೋವು. ವಾರ್ಷಿಕ ಸಭೆಯಲ್ಲಿ 'ಮುಂದಿನ ಕಾರ್ಯದರ್ಶಿ ಯಾರಾಗುತ್ತೀರಿ?' ಎಂದು ಕೇಳುತ್ತಾರೆ. ಎಲ್ಲರೂ ತಲೆ ತಗ್ಗಿಸಿ ಶೂ ನೋಡಿಕೊಳ್ಳುತ್ತಾರೆ. ಒಂದು ಹಲಗೆಯನ್ನೂ ಎತ್ತದವನಿಗೆ ಇಡೀ ಮೈದಾನವನ್ನು ಹೊರು ಎಂದರೆ ಇನ್ನೇನು ಮಾಡಿಯಾನು?

ಖಜಾಂಚಿಯಾಗಿದ್ದ ನಿವೃತ್ತ ನರ್ಸಮ್ಮ ಒಬ್ಬರು ಕೊನೆಗೆ ಒಂದು ಉಪಾಯ ಮಾಡಿದರು. ಶೆಡ್ಡಿನ ಬಾಗಿಲಿಗೆ ಕರಿಹಲಗೆ ತೂಗುಹಾಕಿ ಕೆಲಸಗಳನ್ನೆಲ್ಲ ಚೂರು ಚೂರು ಮಾಡಿ ಬರೆದರು. 'ಈ ಭಾನುವಾರ ಹಲಗೆ ಎತ್ತಲು ಇಬ್ಬರು, ಅರ್ಧ ಗಂಟೆ.' 'ಹಗ್ಗ ಕಟ್ಟಲು ಒಬ್ಬರು, ಹತ್ತು ನಿಮಿಷ.' ಕೆಳಗೆ ಹೆಸರು ಬರೆಯಲು ಸೀಮೆಸುಣ್ಣ. ಹೊಸಬರನ್ನು ಮೊದಲ ವಾರವೇ ಕರೆದು ಬರೆಸುತ್ತಿದ್ದರು. ನನ್ನ ಹೆಸರು ಹಗ್ಗದ ಕೆಳಗೆ ಬಿತ್ತು. ಪವಾಡವೇನೂ ಆಗಲಿಲ್ಲ. ನಾನು ಅಲ್ಲಿಂದ ಹೊರಡುವ ತನಕವೂ ಕಾರ್ಯದರ್ಶಿ ಸಿಕ್ಕಿರಲಿಲ್ಲ. ಆದರೆ ಎಂಟೂವರೆಗೆ ಬರುವವರು ನಾಲ್ವರಿದ್ದದ್ದು ಒಂಬತ್ತಾಗಿದ್ದರು, ಅದರಲ್ಲಿ ಇಬ್ಬರು ಕಾಲೇಜು ಹುಡುಗಿಯರು.

ಈಗ ನಮ್ಮ ಗರಡಿಗೆ ಬರೋಣ. ಅದರ ಬಾಗಿಲು ಎಷ್ಟು ಗಿಡ್ಡ ಎಂದರೆ ಎಂಥ ಪೈಲ್ವಾನನೂ ಬಗ್ಗಿಯೇ ಒಳಗೆ ಹೋಗಬೇಕು. ಒಳಗೆ ಆಂಜನೇಯ, ಗೋಡೆಗೆ ಒರಗಿಸಿದ ಗದೆಗಳು, ನಡುವೆ ಮಟ್ಟಿ. ಆ ಮಟ್ಟಿಯ ಕೆಲಸ ಹೊರಗಿನವರಿಗೆ ಗೊತ್ತಿಲ್ಲ. ಕೆಮ್ಮಣ್ಣು ತಂದು, ಕಲ್ಲಿಲ್ಲದಂತೆ ಜರಡಿ ಹಿಡಿದು, ಅರಿಶಿನ, ಬೇವಿನ ಸೊಪ್ಪಿನ ಪುಡಿ, ಎಣ್ಣೆ ಬೆರೆಸಿ ಹದ ಮಾಡಬೇಕು. ಮಾಡಿ ಬಿಟ್ಟರೆ ಆಗಲಿಲ್ಲ. ದಿನಾ ಗುದ್ದಲಿ ಹಾಕಿ ಅಗೆದು ಸಡಿಲ ಮಾಡಬೇಕು, ನೀರು ಚಿಮುಕಿಸಬೇಕು. ಒಂದು ತಿಂಗಳು ಕೈಬಿಟ್ಟರೆ ಅದು ಮಟ್ಟಿಯಲ್ಲ, ಗಟ್ಟಿ ನೆಲ. ಬಿದ್ದವನ ಭುಜ ಉಳಿಯುವುದಿಲ್ಲ.

ಇದನ್ನು ಯಾರು ಮಾಡುತ್ತಿದ್ದರು? ಉಸ್ತಾದರು ಮತ್ತು ಅವರ ಕೈಕೆಳಗಿನ ಹುಡುಗರು. ಬಿಟ್ಟಿಯಾಗಿಯೇ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಆದರೆ ನಮ್ಮ ತಾತ ಹೇಳುತ್ತಿದ್ದರು, ಸುಗ್ಗಿ ಮುಗಿದ ಮೇಲೆ ಕಣದಿಂದ ಒಂದಿಷ್ಟು ರಾಗಿ ಉಸ್ತಾದರ ಮನೆಗೆ ಹೋಗುತ್ತಿತ್ತು, ಕರೆಯುವ ಹಸುವಿದ್ದ ಮನೆಯಿಂದ ಹಾಲು ಹೋಗುತ್ತಿತ್ತು. ಜಾತ್ರೆಯಲ್ಲಿ ಅವರು ಜೋಡಿ ಕಟ್ಟದೆ ಕುಸ್ತಿ ಶುರುವಾಗುತ್ತಿರಲಿಲ್ಲ. ಹುಡುಗರೂ ಹೊಲಗದ್ದೆ ನೋಡಿಕೊಂಡು ವರ್ಷಪೂರ್ತಿ ಊರಲ್ಲೇ ಇರುತ್ತಿದ್ದರು. ಆ ರಾಗಿ ಯಾವತ್ತು ನಿಂತಿತು ಎಂದು ಯಾರಿಗೂ ನೆನಪಿಲ್ಲ. ಯಾರೂ ನಿಲ್ಲಿಸಿ ಎಂದು ಹೇಳಲಿಲ್ಲ. ಕಣಗಳೇ ಹೋದವು, ರಾಗಿ ರಸ್ತೆಗೆ ಬಂತು, ಆಮೇಲೆ ಮಿಷನ್ ಬಂತು. ಹುಡುಗರು ಪಿಯುಸಿಗೆ ಬೆಳಗಿನ ಬಸ್ಸು ಹತ್ತಿದರು. ಉಸ್ತಾದರು ಇನ್ನೂ ಹತ್ತು ವರ್ಷ ಒಬ್ಬರೇ ಮಣ್ಣು ಅಗೆದರು. ನಾವು ಗರಡಿ ನಡೆಯುತ್ತಿದೆ ಅಂದುಕೊಂಡೆವು.

ನಮ್ಮ ಸಾಫ್ಟ್‌ವೇರಿನಲ್ಲೂ ಇದು ಇದೆ. ನಿಮ್ಮ ಬ್ಯಾಂಕಿನ ಪುಟ ತೆರೆದಾಗ ಬೀಗದ ಗುರುತು ಕಾಣುತ್ತದಲ್ಲ, ಆ ಬೀಗದ ಕೆಲಸಕ್ಕೆ ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳು ಬಿಟ್ಟಿಯಾಗಿ ಬಳಸುತ್ತಿದ್ದ ಒಂದು ತಂತ್ರಾಂಶದ ಹೆಸರು ಓಪನ್ ಎಸ್‌ಎಸ್‌ಎಲ್. 2014ರಲ್ಲಿ ಅದರಲ್ಲೊಂದು ದೊಡ್ಡ ತೂತು ಸಿಕ್ಕಿತು. ಆಗ ನೋಡಿದರೆ ಅದನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಜನ, ಪೂರ್ಣಾವಧಿ ಕೆಲಸ ಮಾಡುತ್ತಿದ್ದವರು ಒಬ್ಬರೇ. ನಮ್ಮ ಉಸ್ತಾದರ ಹಾಗೆ.

ಇನ್ನೊಂದು ಮಾತು ಇದೆ. ಹಿರಿಯರು ಬೇಸರ ಮಾಡಿಕೊಳ್ಳಬಾರದು. ಸದಸ್ಯರು ಸಿಗುತ್ತಿಲ್ಲ ಎಂದು ಕೊರಗುವ ಮೊದಲು ನಾವು ಯಾರನ್ನೆಲ್ಲ ಹೊಸ್ತಿಲಲ್ಲೇ ನಿಲ್ಲಿಸಿದ್ದೆವು ಎಂದು ಎಣಿಸಬೇಕು. ಕೆಳಗಿನ ಕೇರಿಯ ಹುಡುಗರು ಈ ಶಾಲೆಯಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಕೂತಿದ್ದರು, ಕಬಡ್ಡಿಯಲ್ಲಿ ನಮ್ಮನ್ನು ಎತ್ತಿ ಒಗೆಯುತ್ತಿದ್ದರು. ಗರಡಿಯ ಆ ಗಿಡ್ಡ ಬಾಗಿಲಲ್ಲಿ ಅವರು ಬಗ್ಗಲು ಅವಕಾಶವೇ ಇರಲಿಲ್ಲ. ಇದನ್ನು ಬೋರ್ಡು ಬರೆದು ಹಾಕಿರಲಿಲ್ಲ, ಹಾಕುವ ಅಗತ್ಯವೂ ಇರಲಿಲ್ಲ. ಹೆಣ್ಣುಮಕ್ಕಳ ಮಾತಂತೂ ಎತ್ತುವಂತಿರಲಿಲ್ಲ. 1908ರ ಒಲಿಂಪಿಕ್ಸಿನಲ್ಲಿ ಕ್ವೀನಿ ನೆವಾಲ್ ಎಂಬ ಇಂಗ್ಲಿಷ್ ಹೆಂಗಸು 53ನೇ ವಯಸ್ಸಿನಲ್ಲಿ ಬಿಲ್ಲುಗಾರಿಕೆಯ ಚಿನ್ನ ಗೆದ್ದಳು. ಅದು ದೂರದ ಮಾತಾಯಿತು ಎನ್ನುವವರಿಗೆ, 2016ರಲ್ಲಿ ರಿಯೋದಲ್ಲಿ ಕುಸ್ತಿಯ ಕಂಚು ತಂದವರು ಸಾಕ್ಷಿ ಮಲಿಕ್. ದಸರಾ ಅಖಾಡದಲ್ಲೂ ಈಗ ಹೆಣ್ಣುಮಕ್ಕಳ ಕುಸ್ತಿ ನಡೆಯುತ್ತದೆ. ಊರಿನ ಮುಕ್ಕಾಲು ಪಾಲನ್ನು ಹೊರಗೆ ನಿಲ್ಲಿಸಿ, ಉಳಿದ ಕಾಲು ಪಾಲು ಬೆಂಗಳೂರಿಗೆ ಹೋಯಿತು ಎಂದು ದೂರಿದರೆ ಲೆಕ್ಕ ಸರಿಹೋಗುವುದಿಲ್ಲ. ಹೊಸ ಗರಡಿ ಶಾಲೆಯದಾಗಬೇಕು ಎಂದು ನಾನು ಸಂಘದಲ್ಲಿ ಹಟ ಹಿಡಿದದ್ದು ಇದಕ್ಕೇ. ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆಲ್ಲ ಬಾಗಿಲು ತೆರೆದಿರಬೇಕು. ಇದನ್ನು ಒಪ್ಪದಿದ್ದರೆ ಹೆಂಚಿನ ದುಡ್ಡನ್ನು ಲೈಬ್ರರಿಗೆ ಕೊಡುವುದು ಮೇಲು.

ಖರ್ಚಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಸಮಿತಿಯವರು ಪಟ್ಟಿ ಅಂಟಿಸಿದ್ದಾರೆ. ಅದರಲ್ಲಿ ಕಲಿಸುವವರಿಗೆ ತಿಂಗಳ ಗೌರವಧನ ಎಂದು ಒಂದು ಸಾಲು ಸೇರಿಸಿದ್ದೇವೆ. ಅದು ಸಂಬಳವಲ್ಲ, ಹಳೆಯ ರಾಗಿಯ ಬದಲು. ಬೆಂಗಳೂರಿನಲ್ಲಿರುವ ನಾವು ಅದನ್ನು ಪ್ರತಿ ತಿಂಗಳೂ ಕಳಿಸಬಹುದು. ಆದರೆ ಬೆಂಗಳೂರಿನಿಂದ ಮಣ್ಣು ಅಗೆಯಲು ಬರುವುದಿಲ್ಲ. ಅದಕ್ಕೆ ಊರಿನಲ್ಲಿರುವವರೇ ಬೇಕು. ಉಸ್ತಾದ್ ಆಗಿ ಎಂದು ನಾನು ಯಾರನ್ನೂ ಕೇಳುತ್ತಿಲ್ಲ. ಶಾಮಿಯಾನದ ಕಂಬಕ್ಕೆ ಒಂದು ಹಾಳೆ ಕಟ್ಟಿದ್ದೇವೆ, ನೋಡಿ. ಸೋಮವಾರ ಮಣ್ಣು ಅಗೆಯಲು ಇಬ್ಬರು, ಮುಕ್ಕಾಲು ಗಂಟೆ. ಬುಧವಾರ ನೀರು ಚಿಮುಕಿಸಲು ಒಬ್ಬರು. ಶನಿವಾರ ಆಂಜನೇಯನಿಗೆ ದೀಪ ಹಚ್ಚಿ ಕಸ ಗುಡಿಸಲು ಒಬ್ಬರು. ತಾಯಂದಿರಲ್ಲಿ ಒಬ್ಬರು ಸಂಜೆ ಹೆಣ್ಣುಮಕ್ಕಳ ಪಾಳಿಯಲ್ಲಿ ಬಂದು ಕೂರಬೇಕು, ಕುಸ್ತಿ ಗೊತ್ತಿರಬೇಕಾಗಿಲ್ಲ. ನಮ್ಮ ಪಿ.ಟಿ. ಮೇಷ್ಟ್ರು ನಿವೃತ್ತರಾಗಿದ್ದರೂ ಮೊದಲ ಆರು ತಿಂಗಳು ಬೆಳಗ್ಗೆ ಬರುತ್ತೇನೆ ಎಂದು ಒಪ್ಪಿದ್ದಾರೆ. ಆರು ತಿಂಗಳೇ, ಅದಕ್ಕಿಂತ ಹೆಚ್ಚು ಅವರನ್ನು ಕೇಳಬಾರದು ಎಂದು ನಾವೇ ತೀರ್ಮಾನ ಮಾಡಿದ್ದೇವೆ.

ಗರಡಿಯ ಹೊಸ ಬೀಗಕ್ಕೆ ಮೂರು ಕೈ ಮಾಡಿಸಿದ್ದೇವೆ. ಒಂದು ಮುಖ್ಯೋಪಾಧ್ಯಾಯರ ಮೇಜಿನಲ್ಲಿರುತ್ತದೆ. ಒಂದು ಮೇಷ್ಟ್ರ ಹತ್ತಿರ. ಮೂರನೆಯದು ಇನ್ನೂ ನನ್ನ ಜೇಬಿನಲ್ಲಿದೆ. ನಾನು ನಾಳೆ ಸಂಜೆ ಬಸ್ಸಿಗೆ ಹೊರಡುವವನು. ಊಟಕ್ಕೆ ಎರಡನೇ ಪಂಕ್ತಿಯಲ್ಲಿ ಕೂತಿರುತ್ತೇನೆ, ಬೆಳಗ್ಗೆ ಐದೂವರೆಗೆ ಏಳುವ ಅಭ್ಯಾಸ ಇರುವವರು ಯಾರಾದರೂ ಬಂದು ಪಕ್ಕದಲ್ಲಿ ಕೂರಿ.