ಹಿತ್ತಲ ಕೋಳಿ ಮತ್ತು ಕಾಡಂಚಿನ ಬದುಕು



ಪರಿಸರ ಚಳವಳಿಯ ವೇದಿಕೆಯಲ್ಲಿ ಕೋಳಿ ಸಾಕಣೆಯ ಮಾತೇಕೆ ಎಂಬ ಪ್ರಶ್ನೆ ಸಹಜವಾದುದು. ಅರಣ್ಯ, ಆನೆ, ಹುಲಿ, ಗಣಿಗಾರಿಕೆ, ನೀರು ಇವು ಇಂತಹ ಸಭೆಗಳ ರೂಢಿಯ ವಿಷಯಗಳು. ಆದರೆ ಬಂಡೀಪುರ, ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟಗಳ ಕಾಡಿಗೆ ಅಂಟಿಕೊಂಡಿರುವ ಗುಂಡ್ಲುಪೇಟೆ ಹಾಗೂ ಚಾಮರಾಜನಗರ ಸೀಮೆಯ ಹಳ್ಳಿಗಳಲ್ಲಿ, ಸೋಲಿಗರ ಪೋಡುಗಳಲ್ಲಿ, ಕಾಡು ಮತ್ತು ಮನೆ ದಿನನಿತ್ಯ ಎದುರುಬದುರಾಗುವ ಸ್ಥಳ ಹಿತ್ತಲು. ಹಿತ್ತಲಿನಲ್ಲಿ ಕೆದಕುತ್ತಿರುವ ಕೋಳಿಯೇ ಈ ಎರಡರ ನಡುವಿನ ಅತಿ ಚಿಕ್ಕ ಕೊಂಡಿ.

ಹತ್ತು ಕೋಳಿಗಳ ಹಿಂಡು ಬಡ ಕುಟುಂಬಕ್ಕೆ ಸಣ್ಣ ಆಸ್ತಿಯೇನಲ್ಲ. ಜಮೀನು ಗಂಡಸಿನ ಹೆಸರಿನಲ್ಲಿದ್ದರೂ ಕೋಳಿಯ ಯಜಮಾನಿಕೆ ಸಾಮಾನ್ಯವಾಗಿ ಮನೆಯ ಹೆಂಗಸಿನದು. ಮಗುವಿನ ಪುಸ್ತಕಕ್ಕೆ, ಆಸ್ಪತ್ರೆಯ ಬಸ್ ಖರ್ಚಿಗೆ, ನೆಂಟರ ಊಟಕ್ಕೆ, ಬಾಣಂತಿಯ ಆರೈಕೆಗೆ ಆಗಿಬರುವುದು ಈ ಹಿಂಡೇ. ಇಂತಹ ಹಿಂಡು ಒಂದೇ ವಾರದಲ್ಲಿ ಬರಿದಾಗುವುದನ್ನು ಅನೇಕ ಊರುಗಳು ಕಂಡಿವೆ. ‘ರೋಗ ಬಂತು’, ‘ಕಾಡುಬೆಕ್ಕು ಹೊತ್ತೊಯ್ದಿತು’ ಎಂದು ಹೇಳಿ ಸುಮ್ಮನಾಗುವುದು ವಾಡಿಕೆ. ಈ ಎರಡು ನಷ್ಟಗಳೂ ಹಣೆಬರಹವಲ್ಲ. ಎರಡನ್ನೂ ಬಹುಮಟ್ಟಿಗೆ ತಡೆಯಬಹುದು. ಹಾಗೆ ತಡೆದರೆ ಕಾಡಿಗೂ ರಕ್ಷಣೆ ದೊರೆಯುತ್ತದೆ. ಈ ಉಪನ್ಯಾಸದ ತಿರುಳು ಇಷ್ಟೇ.

ಕಾಡುಕೋಳಿಯ ನಂಟು

ಸಾಕುಕೋಳಿಯ ಮುಖ್ಯ ಪೂರ್ವಜ ಏಷ್ಯಾದ ಕೆಂಪು ಕಾಡುಕೋಳಿ. ಬಂಡೀಪುರ ಮತ್ತು ಬಿಳಿಗಿರಿರಂಗನ ಬೆಟ್ಟದ ಪೊದೆಗಳಲ್ಲಿ ಮುಂಜಾನೆ ಕೂಗುವುದು ಅದರ ದಾಯಾದಿಯಾದ ಬೂದು ಕಾಡುಕೋಳಿ. ಇದು ಭಾರತದಲ್ಲಿ ಮಾತ್ರ, ಅದರಲ್ಲೂ ಮುಖ್ಯವಾಗಿ ದಕ್ಷಿಣದ ಕಾಡುಗಳಲ್ಲಿ ಇರುವ ಪಕ್ಷಿ. ಸಾಕುಕೋಳಿಯ ಹಳದಿ ಚರ್ಮ ಮತ್ತು ಹಳದಿ ಕಾಲಿಗೆ ಕಾರಣವಾದ ವಂಶವಾಹಿ ಈ ಬೂದು ಕಾಡುಕೋಳಿಯಿಂದ ಬಂದಿರಬೇಕೆಂದು ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳ ತಂಡವು 2008ರಲ್ಲಿ ತೋರಿಸಿತು. ಪ್ರಪಂಚದ ಎಷ್ಟೋ ಅಂಗಳಗಳಲ್ಲಿ ಓಡಾಡುವ ಹಳದಿ ಕಾಲಿನ ಕೋಳಿಯಲ್ಲಿ ಈ ಭಾಗದ ಕಾಡಿನ ಪಾಲೂ ಇದೆ.

ಈ ನಂಟಿಗೆ ಇನ್ನೊಂದು ಮುಖವಿದೆ. ಒಂದೇ ಕುಲದ ಪಕ್ಷಿಗಳಿಗೆ ರೋಗಗಳೂ ಸಮಾನ. ಸತ್ತ ಕೋಳಿಯನ್ನು ಹಳ್ಳಕ್ಕೋ ಕಾಡಿನ ಅಂಚಿಗೋ ಎಸೆದರೆ ರೋಗಾಣುವಿಗೆ ಕಾಡುಕೋಳಿಯವರೆಗೆ ದಾರಿ ತೆರೆದಂತಾಗುತ್ತದೆ. ಊರಿನ ಕೋಳಿಗೆ ಲಸಿಕೆ ಹಾಕಿಸಬಹುದು. ಕಾಡಿನ ಕೋಳಿಗೆ ಹಾಕುವವರಿಲ್ಲ.

ರೋಗ: ಒಂದು ಮನೆಯಿಂದ ಆಗದ ಕೆಲಸ

ಹಿತ್ತಲ ಹಿಂಡುಗಳನ್ನು ಹೆಚ್ಚಾಗಿ ನಾಶಮಾಡುವ ರೋಗವನ್ನು ಕನ್ನಡದಲ್ಲಿ ಕೊಕ್ಕರೆ ರೋಗ ಎನ್ನುತ್ತಾರೆ. 1920ರ ದಶಕದ ಕೊನೆಯಲ್ಲಿ ಕುಮಾವೂ ಬೆಟ್ಟಗಳ ರಾಣಿಖೇತದಲ್ಲಿ ಗುರುತಿಸಲ್ಪಟ್ಟುದರಿಂದ ಭಾರತದಲ್ಲಿ ಇದಕ್ಕೆ ರಾಣಿಖೇತ್ ರೋಗವೆಂಬ ಹೆಸರು ಬಂದಿತು. ಅದೇ ಬೆಟ್ಟಸಾಲಿನ ಮುಕ್ತೇಶ್ವರದ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ ಇದರ ಲಸಿಕೆಯೂ ರೂಪುಗೊಂಡಿತು. ಹಸಿರು ಭೇದಿ, ಬಾಯಿ ತೆರೆದು ಉಸಿರಾಡುವುದು, ರೆಕ್ಕೆ ಜೋಲುವುದು, ಕತ್ತು ತಿರುಚಿಕೊಳ್ಳುವುದು ಇದರ ಲಕ್ಷಣಗಳು. ರೋಗ ತಗುಲಿದ ಮೇಲೆ ಔಷಧಿಯಿಲ್ಲ. ಲಸಿಕೆಯೊಂದೇ ದಾರಿ, ಅದೂ ರೋಗ ಬರುವ ಮೊದಲು.

ಮರಿಗೆ 7ನೆಯ ದಿನ ಲಸೋಟಾ ಅಥವಾ ಎಫ್ ಲಸಿಕೆಯ ಒಂದು ಹನಿಯನ್ನು ಕಣ್ಣಿಗೋ ಮೂಗಿಗೋ ಹಾಕಬೇಕು. ನಾಲ್ಕನೆಯ ವಾರದಲ್ಲಿ ಅದನ್ನು ಪುನರಾವರ್ತಿಸಬೇಕು. 8 ವಾರ ತುಂಬಿದ ಮೇಲೆ ಆರ್‌2ಬಿ ಲಸಿಕೆಯನ್ನು ಚುಚ್ಚುಮದ್ದಾಗಿ ಕೊಡಿಸಬೇಕು. ಇದು ತೀಕ್ಷ್ಣವಾದ ಲಸಿಕೆಯಾದುದರಿಂದ ಎಳೆಯ ಮರಿಗೆ ಕೊಡಬಾರದು. 6ರಿಂದ 8 ವಾರದ ನಡುವೆ ಸಿಡುಬಿನ ಲಸಿಕೆಯನ್ನು ರೆಕ್ಕೆಯ ತೆಳು ಚರ್ಮಕ್ಕೆ ಹಾಕಿಸುವುದು ಒಳ್ಳೆಯದು. ಲಸಿಕೆಗೆ ಒಂದು ವಾರ ಮೊದಲು ಜಂತುಹುಳುವಿನ ಔಷಧಿ ಕೊಡಬೇಕು. ಆರೋಗ್ಯವಂತ ಕೋಳಿಗೆ ಮಾತ್ರ ಲಸಿಕೆ ಹಾಕಿಸಬೇಕು.

ಇಷ್ಟು ಸರಳವಾದ ಕೆಲಸ ಹಳ್ಳಿಗಳಲ್ಲಿ ಏಕೆ ನಡೆಯುವುದಿಲ್ಲ? ಲಸಿಕೆಯ ಒಂದು ಸೀಸೆ ಸಾಮಾನ್ಯವಾಗಿ 100 ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗೆ ಆಗುವಷ್ಟಿರುತ್ತದೆ. ಒಂದು ಮನೆಯಲ್ಲಿರುವುದು ಎಂಟೋ ಹತ್ತೋ ಕೋಳಿ. ಲಸಿಕೆಯನ್ನು ಮಂಜುಗಡ್ಡೆಯಲ್ಲಿಟ್ಟೇ ತರಬೇಕು. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಒಬ್ಬ ತಾಯಿ ಹತ್ತು ಕೋಳಿಗಾಗಿ ಪೇಟೆಗೆ ಹೋಗಿ ಇಷ್ಟನ್ನೂ ಮಾಡಲಾರಳು. ಆದರೆ ಒಂದು ಬೀದಿಯ ಹನ್ನೆರಡು ಮನೆಗಳು ಒಂದೇ ಬೆಳಗ್ಗೆ, ಕೋಳಿಗಳನ್ನು ಗೂಡಿನಿಂದ ಬಿಡುವ ಮುನ್ನ, ಈ ಕೆಲಸವನ್ನು ಒಟ್ಟಾಗಿ ಮುಗಿಸಬಹುದು. ಒಂದು ಮನೆ ಲಸಿಕೆ ಹಾಕಿಸಿ ಪಕ್ಕದ ಮನೆ ಬಿಟ್ಟರೆ ರೋಗ ಆ ಬೀದಿಯಲ್ಲೇ ಉಳಿಯುತ್ತದೆ. ಕೆರೆಯ ಹೂಳೆತ್ತುವುದು ಹೇಗೆ ಊರೊಟ್ಟಿನ ಕೆಲಸವೋ ಲಸಿಕೆಯೂ ಹಾಗೆಯೇ.

ಸಂತೆಯಿಂದ ತಂದ ಕೋಳಿಯನ್ನು ಎರಡು ವಾರ ಪ್ರತ್ಯೇಕವಾಗಿ ಇಟ್ಟು ನೋಡಿ ಅನಂತರ ಹಿಂಡಿಗೆ ಸೇರಿಸಬೇಕು. ಕಾಯಿಲೆ ಬಿದ್ದ ಕೋಳಿಯನ್ನು ‘ಸಾಯುವ ಮೊದಲು ಮಾರಿಬಿಡೋಣ’ ಎಂದು ಸಂತೆಗೆ ಒಯ್ಯುವುದು ರೋಗವನ್ನು ಹತ್ತು ಊರಿಗೆ ಹಂಚಿದಂತೆ. ಸತ್ತುದನ್ನು ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಹಲವು ಕೋಳಿಗಳು ಏಕಾಏಕಿ ಸತ್ತರೆ ಮುಟ್ಟದೆ, ಕೊಯ್ಯದೆ, ತಕ್ಷಣ ಪಶು ಆಸ್ಪತ್ರೆಗೆ ತಿಳಿಸಬೇಕು. ಹಕ್ಕಿಜ್ವರ ದೂರದ ಮಾತಲ್ಲ: 2012ರಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ, 2020ರಲ್ಲಿ ಮೈಸೂರಿನಲ್ಲಿ ಅದು ಕಾಣಿಸಿಕೊಂಡಿತ್ತು.

ಗೂಡು: ಸಂಜೆಯ ಒಂದು ಬಾಗಿಲು

ಹಗಲಿನಲ್ಲಿ ಗಿಡುಗ, ಕಾಗೆ, ಮುಂಗುಸಿ, ಬೀದಿನಾಯಿ. ರಾತ್ರಿಯಲ್ಲಿ ಕಾಡುಬೆಕ್ಕು, ಪುನುಗುಬೆಕ್ಕು, ಹೆಗ್ಗಣ, ಹಾವು, ಕೆಲವೆಡೆ ಚಿರತೆ. ಈ ಪಟ್ಟಿಯಲ್ಲಿ ರಾತ್ರಿಯ ಪ್ರಾಣಿಗಳಿಂದಾಗುವ ಹಾನಿಯನ್ನು ಬಹುತೇಕ ಒಂದು ಬಾಗಿಲು ತಡೆಯುತ್ತದೆ. ಮರದ ಕೊಂಬೆಯಲ್ಲಿಯೋ ದನದ ಕೊಟ್ಟಿಗೆಯ ಮೂಲೆಯಲ್ಲಿಯೋ ಕೂರುವ ಕೋಳಿಗೆ ರಕ್ಷಣೆಯಿಲ್ಲ.

ಹತ್ತು ದೊಡ್ಡ ಕೋಳಿಗಳಿಗೆ ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲದ ಗೂಡು ಸಾಕು. ನೆಲದಿಂದ ಎರಡು ಅಡಿ ಎತ್ತರದಲ್ಲಿ ಕಂಬಗಳ ಮೇಲೆ ನಿಲ್ಲಿಸಿದರೆ ತೇವ ತಟ್ಟುವುದಿಲ್ಲ, ಹಿಕ್ಕೆಯನ್ನು ಗುಡಿಸಿ ಗೊಬ್ಬರದ ಗುಂಡಿಗೆ ಹಾಕುವುದು ಸುಲಭ. ಗಾಳಿಯಾಡುವ ಬದಿಗಳಿಗೆ ಅರ್ಧ ಅಂಗುಲ ಕಿಂಡಿಯ ಗಟ್ಟಿ ತಂತಿಬಲೆ ಬೇಕು; ತೆಳುವಾದ ದೊಡ್ಡ ಕಿಂಡಿಯ ಬಲೆಯಲ್ಲಿ ಮುಂಗುಸಿ ತಲೆ ತೂರಿಸುತ್ತದೆ. ಬಾಗಿಲಿಗೆ ದಾರವಲ್ಲ, ಅಗುಳಿ ಇರಲಿ. ಒಳಗೆ ಕೂರಲು ಒಂದು ಅಡ್ಡಗಳು, ಮೊಟ್ಟೆಯಿಡಲು ಹುಲ್ಲು ಹಾಸಿದ ಕುಕ್ಕೆ, ಹೊರಗೆ ನೆರಳಿನಲ್ಲಿ ಬೂದಿ ಬೆರೆಸಿದ ಮಣ್ಣಿನ ಗುಂಡಿ. ಆ ಬೂದಿಯಲ್ಲಿ ಹೊರಳಿ ಕೋಳಿಗಳು ಹೇನು ಕಳೆದುಕೊಳ್ಳುತ್ತವೆ.

ಗೂಡಿನ ಚೌಕಟ್ಟಿಗೆ ಮರ ಕಡಿಯಬೇಕಾಗಿಲ್ಲ. ಈ ಕಾಡುಗಳ ನೆಲವನ್ನು ಕಬಳಿಸುತ್ತಿರುವ ಲಂಟಾನ ಕಳೆಯ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ತೆಗೆದು, ಕುರ್ಚಿ ಬುಟ್ಟಿಗಳನ್ನು ಮಾಡುವ ವಿದ್ಯೆಯನ್ನು ಮಲೆ ಮಹದೇಶ್ವರ ಬೆಟ್ಟದ ಸೋಲಿಗರು 2000ದ ದಶಕದಿಂದ ರೂಢಿಸಿಕೊಂಡಿದ್ದಾರೆ. ಅದೇ ಕಡ್ಡಿ ಗೂಡಿಗೂ, ಮರಿಗಳನ್ನು ಮುಚ್ಚುವ ಮಂಕರಿಗೂ ಒದಗುತ್ತದೆ.

ಬಾಗಿಲಿನ ಮಾತನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಷ್ಟದ ಹಿಂದೆ ಸಿಟ್ಟು ಬರುತ್ತದೆ. ಸಿಟ್ಟಿನ ಹಿಂದೆ ವಿಷವೋ ಉರುಳೋ ಬರುತ್ತದೆ. 2025ರ ಜೂನ್ ತಿಂಗಳಿನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ವಿಷ ಬೆರೆಸಿದ ಹಸುವಿನ ಕಳೇಬರವನ್ನು ತಿಂದು ಒಂದು ತಾಯಿಹುಲಿ, ನಾಲ್ಕು ಮರಿಗಳು ಸತ್ತವು. ಕೋಳಿಯ ವಿಷಯದಲ್ಲಿ ಇಂತಹ ಸಿಟ್ಟು ಸುದ್ದಿಯಾಗುವುದಿಲ್ಲ. ಸಾಯುವುದು ಕಾಡುಬೆಕ್ಕೋ ಪುನುಗುಬೆಕ್ಕೋ ಆಗಿರುತ್ತದೆ. ಆದರೆ ವಿಷ ಅಲ್ಲಿಗೇ ನಿಲ್ಲುವುದಿಲ್ಲ. ಹದ್ದು, ಊರನಾಯಿ, ಕೊನೆಗೆ ಅದೇ ಮನೆಯ ಕೋಳಿಯೂ ಅದಕ್ಕೆ ಬಲಿಯಾಗಬಹುದು. ಹೆಗ್ಗಣವನ್ನು ಹಿಡಿದು ಹೊಲ ಕಾಯುವ ಕಾಡುಬೆಕ್ಕನ್ನು ಕೊಂದ ಊರಿಗೆ ಹೆಗ್ಗಣದ ಕಾಟವೇ ಉಳಿಯುವ ಲಾಭ.

ಮರಿಗಳ ಮೊದಲ ಎಂಟು ವಾರ

ನಾಟಿ ಹೇಂಟೆಯ ಅಡಿ ಹತ್ತು ಹನ್ನೆರಡು ಮೊಟ್ಟೆ ಇಟ್ಟರೆ 21 ದಿನಕ್ಕೆ ಮರಿಗಳಾಗುತ್ತವೆ. ಪಿಳ್ಳೆಗಳು ಹೆಚ್ಚಾಗಿ ಸಾಯುವುದು ಮೊದಲ ಎಂಟು ವಾರಗಳಲ್ಲಿ. ಒಡೆದ ಮರುದಿನವೇ ತಾಯಿಯ ಹಿಂದೆ ಬೇಲಿಯಂಚಿಗೆ ಹೋಗುವ ಮರಿ ಗಿಡುಗಕ್ಕೆ ಸುಲಭದ ತುತ್ತು. ಮೊದಲ ನಾಲ್ಕು ವಾರವಾದರೂ ತಾಯಿ-ಮರಿಗಳನ್ನು ದೊಡ್ಡ ಮಂಕರಿಯಡಿ ಅಥವಾ ಬಲೆ ಕಟ್ಟಿದ ಅಂಕಣದಲ್ಲಿ ಇಟ್ಟು, ಒಡೆದ ರಾಗಿ, ಜೋಳದ ನುಚ್ಚು, ಆಳವಿಲ್ಲದ ತಟ್ಟೆಯಲ್ಲಿ ಶುದ್ಧ ನೀರು ಕೊಟ್ಟರೆ ಬದುಕುಳಿಯುವ ಮರಿಗಳ ಸಂಖ್ಯೆ ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ.

ವರ್ಷವಿಡೀ ಮೊಟ್ಟೆ

ಚಳಿಗಾಲದಲ್ಲಿ ಗೂಡಿಗೆ ದೀಪ ಹಾಕಬೇಕೆಂದು ಶೀತದೇಶಗಳ ಪುಸ್ತಕಗಳು ಹೇಳುತ್ತವೆ. ಅಲ್ಲಿ ಹಗಲು ಬಹಳ ಕುಗ್ಗುತ್ತದೆ. ಚಾಮರಾಜನಗರದಲ್ಲಿ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ. ಇಲ್ಲಿ ನಾಟಿ ಕೋಳಿಯ ಮೊಟ್ಟೆ ಕುಗ್ಗುವುದಕ್ಕೆ ಬೆಳಕಿಗಿಂತ ಮೇವು ಮತ್ತು ಬಿಸಿಲು ಹೆಚ್ಚಿನ ಕಾರಣ.

ಕೊಯ್ಲಿನ ನಂತರದ ತಿಂಗಳುಗಳಲ್ಲಿ ಕಣದ ಕಾಳು, ಮಳೆಗಾಲದಲ್ಲಿ ಹುಳು-ಮಿಡತೆ ಯಥೇಚ್ಛ. ಫೆಬ್ರವರಿಯಿಂದ ಏಪ್ರಿಲ್-ಮೇ ತಿಂಗಳ ಮಳೆ ಬೀಳುವವರೆಗೆ ನೆಲ ಒಣಗಿ ಕೋಳಿಗೆ ಕೆದಕಲು ಏನೂ ಸಿಗದು. ಆಗ ದಿನಕ್ಕೆ ಕೋಳಿಯೊಂದಕ್ಕೆ ಒಂದು ಹಿಡಿ ರಾಗಿ ಅಥವಾ ಜೋಳ, ಸ್ವಲ್ಪ ಹಿಂಡಿ, ಅಜೋಲಾ ಅಥವಾ ಸೊಪ್ಪು ಕೊಡಬೇಕು. ಹಳೆಯ ಮಡಕೆಗೆ ಒದ್ದೆ ಹುಲ್ಲು, ಸಗಣಿ ತುಂಬಿ ಹುತ್ತದ ಬಳಿ ಬೋರಲು ಹಾಕಿದರೆ ಬೆಳಗಾಗುವುದರೊಳಗೆ ಗೆದ್ದಲು ತುಂಬಿ ಮರಿಗಳಿಗೆ ಸಸಾರಜನಕದ ಮೇವಾಗುತ್ತದೆ. ಚಿಪ್ಪು ಗಟ್ಟಿಯಾಗಲು ಸುಟ್ಟು ಪುಡಿಮಾಡಿದ ಮೊಟ್ಟೆಚಿಪ್ಪು ಸಾಕು. ಬೇಸಿಗೆಯಲ್ಲಿ ನೆರಳು ಮತ್ತು ದಿನಕ್ಕೆರಡು ಬಾರಿ ಬದಲಿಸಿದ ತಣ್ಣೀರು ಮೇವಿನಷ್ಟೇ ಮುಖ್ಯ.

ಗುಂಡ್ಲುಪೇಟೆಯ ಹೊಲಗಳ ಚೆಂಡು ಹೂವಿನಿಂದ ತೆಗೆಯುವ ಹಳದಿ ಸಾರವನ್ನು ದೊಡ್ಡ ಕೋಳಿಫಾರಂಗಳ ಮೇವಿಗೆ ಸೇರಿಸುತ್ತಾರೆ. ಮೊಟ್ಟೆಯ ಭಂಡಾರಕ್ಕೆ ಬಣ್ಣ ಬರುವುದು ಅದರಿಂದ. ಸೊಪ್ಪು ತಿನ್ನುವ ಹಿತ್ತಲ ಕೋಳಿಗೆ ಆ ಬಣ್ಣ ಪುಕ್ಕಟೆಯಾಗಿ ಬರುತ್ತದೆ. ಆದರೆ ಎರಡು ಎಚ್ಚರಿಕೆ ಅಗತ್ಯ: ಬೂಸ್ಟು ಹಿಡಿದ ಮುಸುಕಿನ ಜೋಳ ಅಥವಾ ಕಡಲೆಕಾಯಿ ಹಿಂಡಿಯನ್ನು ಹಾಕಬಾರದು; ಬಿತ್ತನೆಗೆಂದು ಬಣ್ಣದ ಔಷಧಿ ಲೇಪಿಸಿದ ಹತ್ತಿ, ಸೂರ್ಯಕಾಂತಿ, ಜೋಳದ ಬೀಜ ಕೋಳಿಯ ಬಾಯಿಗೆ ಸಿಗಬಾರದು.

ತಳಿಯ ಆಯ್ಕೆ

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು ಹೆಬ್ಬಾಳದಲ್ಲಿ ರೂಪಿಸಿ 1989ರಲ್ಲಿ ಬಿಡುಗಡೆ ಮಾಡಿದ ಗಿರಿರಾಜ, 2005ರಲ್ಲಿ ಬಂದ ಸ್ವರ್ಣಧಾರ ಇವು ನಾಟಿ ಕೋಳಿಗಿಂತ ಬೇಗ ತೂಗುತ್ತವೆ, ಹೆಚ್ಚು ಮೊಟ್ಟೆ ಇಡುತ್ತವೆ. ಆದರೆ ಅವುಗಳಿಗೆ ಮೇವು ಹೆಚ್ಚು ಬೇಕು. ಕಾವು ಕೂರುವ ಗುಣ ಕಡಿಮೆ. ಭಾರದ ಮೈಯಿಂದಾಗಿ ಹಾರಿ ತಪ್ಪಿಸಿಕೊಳ್ಳಲಾರವು. ಪೇಟೆಗೆ ಹತ್ತಿರವಿದ್ದು ಗೂಡು, ಮೇವು ಎರಡನ್ನೂ ಒದಗಿಸಬಲ್ಲ ಮನೆಗೆ ಅವು ಲಾಭಕರ. ಕಾಡಿಗೆ ಅಂಟಿದ ಹಿತ್ತಲಿಗೆ ನಾಟಿ ಹೇಂಟೆಯೇ ತಳಹದಿಯಾಗಿರಲಿ. ಬೇಕಿದ್ದರೆ ಅದರ ಕಾವಿನಲ್ಲೇ ಸುಧಾರಿತ ತಳಿಯ ಮೊಟ್ಟೆಗಳನ್ನಿಟ್ಟು ಮರಿ ಮಾಡಿಸಬಹುದು.

ಮುಂದಿನ ಹೆಜ್ಜೆ

ವಿದ್ಯಾರ್ಥಿಗಳಿಂದ ಒಂದು ಕೆಲಸ ಆಗಬೇಕಾಗಿದೆ. ತಮ್ಮ ಬೀದಿಯ ಪ್ರತಿ ಮನೆಯ ಕೋಳಿಗಳನ್ನು ಎಣಿಸಿ ಒಂದು ನೋಟ್‌ಪುಸ್ತಕದಲ್ಲಿ ಬರೆಯಿರಿ: ದೊಡ್ಡವು ಎಷ್ಟು, ಮರಿ ಎಷ್ಟು, ಈ ತಿಂಗಳು ಸತ್ತವು ಎಷ್ಟು, ಯಾವುದರಿಂದ. ಆ ಲೆಕ್ಕವನ್ನು ಹಿಡಿದು ಪಶು ಆಸ್ಪತ್ರೆಗೆ ಹೋದರೆ ಎಷ್ಟು ಸೀಸೆ ಲಸಿಕೆ ಬೇಕೆಂಬುದು ಖಚಿತವಾಗುತ್ತದೆ, ದಿನ ಗೊತ್ತುಮಾಡಬಹುದು. ಒಂದು ವರ್ಷದ ಲೆಕ್ಕ ಕೈಯಲ್ಲಿದ್ದರೆ ನಿಜವಾದ ಕಳ್ಳ ಕಾಡುಬೆಕ್ಕೋ, ರೋಗವೋ, ಮುಚ್ಚದೆ ಬಿಟ್ಟ ಬಾಗಿಲೋ ಎಂಬುದು ಊರಿಗೇ ತಿಳಿಯುತ್ತದೆ. ಗ್ರಾಮಸ್ಥರು ಈ ಬೇಸಿಗೆ ಕಾಲಿಡುವ ಮುನ್ನ ಗೂಡಿನ ಅಗುಳಿಯನ್ನು ಸರಿಪಡಿಸಿಕೊಂಡು, ಲಸಿಕೆಯ ಬೆಳಗ್ಗೆಯೊಂದನ್ನು ಬೀದಿಯವರೆಲ್ಲ ಸೇರಿ ನಿಶ್ಚಯಿಸಿಕೊಳ್ಳಬೇಕೆಂದು ವಿನಂತಿ.