ಹಿಂಬಾಗಿಲಿಗೆ ಗಾಜು ಬೇಕೆ?

ಸರಕಿನ ವ್ಯಾನೊಂದನ್ನು ಕೊಂಡು, ಒಳಗೆ ಮಂಚ, ಒಲೆ ಜೋಡಿಸಿ ಊರೂರು ಸುತ್ತುವ ಆಸೆ ಈಗ ಅನೇಕರಿಗಿದೆ. ಹಿಂದಿನ ತಗಡಿನ ಬಾಗಿಲು ಕೊರೆದು ಕಿಟಕಿ ಇಡಬೇಕೆ ಎಂಬ ಪ್ರಶ್ನೆ ಆಗ ಏಳುತ್ತದೆ.

ಹುಮನಾಬಾದಿನಿಂದ 65ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಬಸವಕಲ್ಯಾಣದ ಕಡೆ ಹೊರಡಿ. ಸಸ್ತಾಪುರ ಬಂಗ್ಲಾದ ಹತ್ತಿರ ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿಯಿರಿ. ಓಡುವ ಗಾಡಿಯ ಬೆನ್ನಿಗೆ ಗಾಳಿಯ ಒತ್ತಡ ಕಡಿಮೆ. ಎದ್ದ ಧೂಳು, ಸೈಲೆನ್ಸರಿನ ಹೊಗೆ ಎರಡೂ ತೆರೆದ ಕಿಟಕಿಯಿಂದ ಒಳಗೆ ನುಗ್ಗುತ್ತವೆ. ಹಾಸಿಗೆಯ ಮೇಲೆ ಬೆರಳಾಡಿಸಿದರೆ ಗೆರೆ ಮೂಡುತ್ತದೆ. ಆದ್ದರಿಂದ ಹಿಂದೆ ತೆರೆಯದ ಗಾಜೇ ಇರಲಿ ಎನ್ನುತ್ತೇನೆ. ಗಾಳಿಗೆ ಎಡಬಲದಲ್ಲಿ ಎದುರುಬದುರು ಕಿಟಕಿ ಸಾಕು. ಬೀದರ್ ಜಿಲ್ಲೆಯ ಮೇ ತಿಂಗಳ ಬಿಸಿಲಿಗೆ ದಪ್ಪ ಪರದೆಯಂತೂ ಬೇಕೇ ಬೇಕು. ಹಾಗಾದರೆ ಹಿಂದೆ ಗಾಜೇ ಇಡದೆ ತಗಡಿನಿಂದ ಪೂರ್ತಿ ಮುಚ್ಚಿಬಿಟ್ಟರೆ? ಜನಜಂಗುಳಿಯಲ್ಲಿ ರಿವರ್ಸ್ ತೆಗೆಯುವಾಗ ಹಿಂದೆ ಯಾರಿದ್ದಾರೆಂದು ಒಳಗನ್ನಡಿ ತೋರಿಸದು. ಗಾಜು ಬೇಕೆನ್ನಲು ನನಗೆ ಇದೊಂದೇ ಕಾರಣ ಸಾಕು.

ಅದು ಸುರಕ್ಷತಾ ಗಾಜೇ ಆಗಿರಲಿ, ಹಿಂಗಾಜಿನಿಂದ ಶೇ. 70ರಷ್ಟಾದರೂ ಬೆಳಕು ಹಾಯಬೇಕೆಂಬುದು ನಿಯಮ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ರೂಪ ಬದಲಿಸುವುದಕ್ಕೆ ಮಿತಿ ಹಾಕಿದೆ. ತಗಡು ಕೊಯ್ಯುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ. ಕೊಯ್ದ ಅಂಚಿಗೆ ಅರ ಉಜ್ಜಿ, ಬಳಿದ ಪ್ರೈಮರ್ ಒಣಗಿದ ಮೇಲಷ್ಟೇ ರಬ್ಬರ್ ಬೀಡಿಂಗ್ ಕೂರಿಸಿ. ಇಲ್ಲದಿದ್ದರೆ ಮೊದಲ ಮಳೆಗಾಲಕ್ಕೇ ತುಕ್ಕು ಶುರುವಾಗುತ್ತದೆ.